ಕಾಗದ ಎಲ್ಲಿ ಇಡೋಣ?

ನಮ್ಮ ಮನೆಯ ಕಾಗದಪತ್ರ ಎಲ್ಲಿ ಇರ್ತಾವ? ಟ್ರಂಕಿನ ತಳದಾಗ, ಸೀರೆಯ ಕೆಳಗ. 2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿತು. ಹಾವೇರಿ ಕಡೆ ಊರೊಳಗೆ ನೀರು ಬಂತು. ಓಡುವಾಗ ಟ್ರಂಕು ಯಾರಿಗೆ ನೆನಪು?

ಪಹಣಿ ಹೋದರೆ ಚಿಂತೆ ಬೇಡ. ಅದು ಸರ್ಕಾರದ ಕಂಪ್ಯೂಟರಿನಲ್ಲಿದೆ. ಬ್ಯಾಡಗಿ, ರಾಣೆಬೆನ್ನೂರಿನ ತಾಲ್ಲೂಕು ಕಚೇರಿಯಲ್ಲಿ ಮತ್ತೆ ಸಿಗುತ್ತದೆ.

2015ರಲ್ಲಿ ಸರ್ಕಾರ ಡಿಜಿಲಾಕರ್ ತಂದಿತು. ಮೊಬೈಲಿನಲ್ಲಿ ತೆರೆಯುವ ಪೆಟ್ಟಿಗೆ ಇದು. ಮೊಬೈಲು ಕಳೆದರೂ ಒಳಗಿನ ಕಾಗದ ಕಳೆಯುವುದಿಲ್ಲ. ಇಲಾಖೆಯೇ ಕೊಟ್ಟ ಕಾಗದ ಮೂಲಕ್ಕೆ ಸಮ. ನಾವು ಫೋಟೊ ತೆಗೆದು ಹಾಕಿದ್ದು ಬರೀ ಫೋಟೊ.

ಇದರ ಕೀಲಿ ಒಟಿಪಿ. ಆಧಾರಿಗೆ ಜೋಡಿಸಿದ ನಂಬರಿಗೆ ಬರುತ್ತದೆ. ಆ ನಂಬರು ಮಗನದೇನು? ಅವನು ಬೆಂಗಳೂರಿಗೆ ದುಡಿಯಲು ಹೋದರೆ ಕೀಲಿಯೂ ಹೋಯಿತಲ್ಲ, ಅಕ್ಕಾ! ಮೊದಲು ನಮ್ಮದೇ ನಂಬರು ಜೋಡಿಸೋಣ.

ಹೊಲದ ಮೂಲ ಖರೀದಿ ಪತ್ರ ಮಾತ್ರ ಮನೆಯಲ್ಲೇ ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಟ್ಟದ ಮೇಲೆ ಇಡೋಣ.