ಹದಿನಾರಾಣೆಯ ರೂಪಾಯಿ, ನೂರು ಪೈಸೆಯ ರೂಪಾಯಿ

‘ಅವನು ಹೇಳಿದ್ದು ಹದಿನಾರಾಣೆ ಸತ್ಯ’ ಎನ್ನುವವರು ಇಂದಿಗೂ ಇದ್ದಾರೆ. ಆಣೆ ಚಲಾವಣೆಯಿಂದ ಮರೆಯಾಗಿ ದಶಕಗಳೇ ಕಳೆದರೂ ಮಾತಿನಲ್ಲಿ ಅದು ಸವೆದಿಲ್ಲ. 25 ಪೈಸೆಯನ್ನು ‘ನಾಲ್ಕಾಣೆ’ ಎಂದೂ 50 ಪೈಸೆಯನ್ನು ‘ಎಂಟಾಣೆ’ ಎಂದೂ ಜನ ಬಹುಕಾಲ ಕರೆದರು. ಆದರೆ ಮೂರಾಣೆ, ಐದಾಣೆಗಳಿಗೆ ಈ ಭಾಗ್ಯ ಸಿಗಲಿಲ್ಲ. ಏಕೆ? ಉತ್ತರ ಟಂಕಸಾಲೆಯಲ್ಲಿಲ್ಲ, ಸಂಖ್ಯೆಗಳ ಒಡಲಲ್ಲೇ ಇದೆ.

ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಅಂದರೆ ಒಂದು ರೂಪಾಯಿಗೆ 192 ಪೈ. ಹೊಸ ಪದ್ಧತಿಯಲ್ಲಿ ರೂಪಾಯಿಗೆ 100 ‘ನಯಾ ಪೈಸೆ’. 1964ರಲ್ಲಿ ‘ನಯಾ’ ಎಂಬ ವಿಶೇಷಣ ಉದುರಿ ಬರೀ ಪೈಸೆ ಉಳಿಯಿತು.

ಮೂವರು ಅಣ್ಣತಮ್ಮಂದಿರು ಒಂದು ರೂಪಾಯಿ ಹಂಚಿಕೊಳ್ಳಬೇಕೆನ್ನಿ. ಹಳೆಯ ಲೆಕ್ಕದಲ್ಲಿ ಪ್ರತಿಯೊಬ್ಬನಿಗೂ 64 ಪೈ, ಎಂದರೆ ಐದಾಣೆ ನಾಲ್ಕು ಪೈ. ಜಗಳವಿಲ್ಲ. ಹೊಸ ಲೆಕ್ಕದಲ್ಲಿ ತಲೆಗೆ 33 ಪೈಸೆ ಕೊಟ್ಟ ಮೇಲೆ ಒಂದು ಪೈಸೆ ಉಳಿಯುತ್ತದೆ. ಅದು ಯಾರಿಗೆ?

ಒಡೆದು ನೋಡಿದರೆ

1 ಮತ್ತು ತನ್ನನ್ನು ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ 2, 3, 5, 7, 11ರಂಥ ಸಂಖ್ಯೆಗಳನ್ನು ಅವಿಭಾಜ್ಯ ಸಂಖ್ಯೆಗಳೆನ್ನುತ್ತಾರೆ. 1ಕ್ಕಿಂತ ದೊಡ್ಡದಾದ ಯಾವುದೇ ಪೂರ್ಣಸಂಖ್ಯೆಯನ್ನು ಒಡೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಇವೇ. ಯಾವ ದಾರಿಯಿಂದ ಒಡೆದರೂ ಸಿಗುವ ಬೀಜಗಳು ಬದಲಾಗುವುದಿಲ್ಲ. ಈ ಮಾತನ್ನು ಖಚಿತವಾಗಿ ನಿರೂಪಿಸಿ ಸಾಧಿಸಿ ತೋರಿಸಿದವನು ಜರ್ಮನಿಯ ಗಣಿತಜ್ಞ ಗೌಸ್, 1801ರಲ್ಲಿ.

ಈಗ ನಮ್ಮ ಎರಡು ರೂಪಾಯಿಗಳನ್ನು ಒಡೆಯೋಣ. 192 ಎಂದರೆ 2×2×2×2×2×2×3. ಆರು ಎರಡುಗಳು, ಒಂದು ಮೂರು. 100 ಎಂದರೆ 2×2×5×5. ಎರಡು ಎರಡುಗಳು, ಎರಡು ಐದುಗಳು. ನಿಯಮ ಸರಳ: ಭಾಗಿಸುವ ಸಂಖ್ಯೆಯಲ್ಲಿರುವ ಪ್ರತಿಯೊಂದು ಬೀಜವೂ ಭಾಗವಾಗುವ ಸಂಖ್ಯೆಯಲ್ಲಿ ಕಡೇಪಕ್ಷ ಅಷ್ಟೇ ಸಲ ಇರಬೇಕು. ಇದ್ದರೆ ಶೇಷವಿಲ್ಲ, ಒಂದು ಕಡಿಮೆಯಾದರೂ ಶೇಷ ತಪ್ಪದು. 100ರಲ್ಲಿ 3 ಇಲ್ಲವೇ ಇಲ್ಲ, ಆದ್ದರಿಂದ ಮೂರು, ಆರು, ಹನ್ನೆರಡು ಜನರಿಗೆ ಸಮಪಾಲಿಲ್ಲ. ಎಂಟು ಜನರಿಗೂ ಇಲ್ಲ. 8ಕ್ಕೆ ಮೂರು ಎರಡುಗಳು ಬೇಕು, 100ರಲ್ಲಿರುವುದು ಎರಡೇ. ಹಳೆಯ ರೂಪಾಯಿ ಈ ಎಲ್ಲರಿಗೂ ಸರಿಯಾಗಿ ಒದಗುತ್ತಿತ್ತು. ಆದರೆ ಐವರು ಬಂದರೆ ಅದೂ ಕೈಚೆಲ್ಲುತ್ತಿತ್ತು, ಏಕೆಂದರೆ 192ರಲ್ಲಿ 5 ಇಲ್ಲ. ಹೊಸ ರೂಪಾಯಿ ತಲೆಗೆ 20 ಪೈಸೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಒಟ್ಟು ಲೆಕ್ಕದಲ್ಲಿ 192ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 14, 100ನ್ನು ಭಾಗಿಸುವಂಥವು 9 ಮಾತ್ರ.

ಕಾಲು ಪೈಸೆಯ ತಗಾದೆ

ಹಳೆಯ ಆಣೆಗೆ ಹೊಸ ಪೈಸೆ ಎಷ್ಟು ಎಂಬ ಪ್ರಶ್ನೆ ಬಂದಾಗ ತೊಡಕು ಸಂತೆ, ಅಂಗಡಿಗಳಿಗೂ ತಲುಪಿತು. 16 ಎಂದರೆ ನಾಲ್ಕು ಎರಡುಗಳು. 100ರಲ್ಲಿರುವುದು ಎರಡು. ಹಾಗಾಗಿ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವೋ ಇಲ್ಲ. ಅರ್ಧ ಪೈಸೆ ಅಥವಾ ಅದಕ್ಕಿಂತ ಕಡಿಮೆಯಾದರೆ ಬಿಡುವುದು, ಹೆಚ್ಚಾದರೆ ಒಂದು ಪೈಸೆ ಎಂದು ಹಿಡಿಯುವುದು ಎಂಬ ನಿಯಮ ಬಂತು. ಅದರಂತೆ ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25.

ಪರಿಣಾಮ ನೋಡಿ. ಒಂದಾಣೆಯ ಸರಕನ್ನು ಹದಿನಾರು ಸಲ ಬಿಡಿಯಾಗಿ ಮಾರಿದ ವ್ಯಾಪಾರಿಗೆ ರೂಪಾಯಿಯ ಬದಲು 96 ಪೈಸೆ ಸಿಗುತ್ತದೆ. ಮೂರಾಣೆಯ ಸರಕನ್ನು ಹದಿನಾರು ಸಲ ಕೊಂಡ ಗಿರಾಕಿ ಮೂರು ರೂಪಾಯಿಯ ಬದಲು ಮೂರು ರೂಪಾಯಿ 4 ಪೈಸೆ ತೆರುತ್ತಾನೆ. ಯಾರೂ ಮೋಸ ಮಾಡಿಲ್ಲ. ಕೊರತೆಯಾದದ್ದು ಎರಡು ಎರಡುಗಳಷ್ಟೇ. ಆದರೆ ದಿನದಿನವೂ ಆಣೆ ಎಣಿಸಿ ಬದುಕುವವರಿಗೆ ನಾಲ್ಕು ಪೈಸೆಯೂ ಲೆಕ್ಕವೇ. ನಾಲ್ಕಾಣೆ, ಎಂಟಾಣೆಗಳಿಗೆ ಶೇಷವಿರಲಿಲ್ಲ, ಆದ್ದರಿಂದ ಅವುಗಳ ಹೆಸರು ಹೊಸ ನಾಣ್ಯದ ಮೇಲೂ ಸಲೀಸಾಗಿ ಕುಳಿತವು.

ಎಲ್ಲರಿಗೂ ಸಲ್ಲುವ ಸಂಖ್ಯೆ

ಆಣೆಯನ್ನೂ ನೂರರ ಲೆಕ್ಕವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಸಾಧ್ಯವಿತ್ತೆ? ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಇಂಥ ಪ್ರಶ್ನೆಗೆ ಒಂಬತ್ತನೆಯ ಶತಮಾನದಲ್ಲೇ ದಾರಿ ತೋರಿದ್ದ. ಭಿನ್ನರಾಶಿಗಳ ಛೇದಗಳನ್ನು ಸಮಮಾಡಲು ಅವನು ತನ್ನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ ‘ನಿರುದ್ಧ’ ಎಂಬುದನ್ನು ವಿವರಿಸುತ್ತಾನೆ. ಇಂದಿನ ಶಾಲೆಗಳಲ್ಲಿ ಕಲಿಸುವ ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ., ಇದೇ. ಸಮಾನ ಅಪವರ್ತನಗಳನ್ನೂ ಅವುಗಳಿಂದ ಭಾಗಿಸಿ ಉಳಿದ ಫಲಗಳನ್ನೂ ಗುಣಿಸಬೇಕು. 16 ಮತ್ತು 100ಕ್ಕೆ ಸಮಾನವಾದದ್ದು 4. ಉಳಿಯುವುವು 4 ಮತ್ತು 25. ಗುಣಿಸಿದರೆ 400. ಅಂದರೆ ರೂಪಾಯಿಗೆ 400 ಚೂರುಗಳಾಗಬೇಕಿತ್ತು. ಅದೇ ಆ ಕಾಲು ಪೈಸೆ!

ಒಬ್ಬನಿಂದ ಹತ್ತು ಜನರವರೆಗೆ ಯಾರೇ ಬಂದರೂ ಸಮಪಾಲು ಬೇಕೆಂದರೆ 2×2×2×3×3×5×7, ಅಂದರೆ 2520 ಚೂರುಗಳು ಬೇಕು. ಅಂಥ ನಾಣ್ಯವನ್ನು ಎಣಿಸುವವರಾರು? ಬರಹದ ಲೆಕ್ಕಕ್ಕೆ ನೂರೇ ಹಗುರ. ಚುಕ್ಕಿ ಸರಿಸಿದರೆ ಸಾಕು. ಆ ಅನುಕೂಲಕ್ಕಾಗಿ ದೇಶ 5ನ್ನು ಒಳಗೆ ಕರೆದು 3ನ್ನು ಹೊರಗೆ ಕಳಿಸಿತು.

ಹಾಗೆಂದು 3 ಎಲ್ಲೂ ಹೋಗಿಲ್ಲ. ಗಂಟೆಗೆ ಅರವತ್ತು ನಿಮಿಷ, ವರ್ಷಕ್ಕೆ ಹನ್ನೆರಡು ತಿಂಗಳು, ಡಜನ್ನಿಗೆ ಹನ್ನೆರಡು ಬಾಳೆಹಣ್ಣು. ಮೂವರು ಅಣ್ಣತಮ್ಮಂದಿರು ಡಜನ್ ಬಾಳೆಹಣ್ಣನ್ನು ಇವತ್ತಿಗೂ ಜಗಳವಿಲ್ಲದೆ ಹಂಚಿಕೊಳ್ಳಬಹುದು. ಅದಕ್ಕೆ ಕೊಟ್ಟ ನೂರು ರೂಪಾಯಿಯನ್ನು ಮಾತ್ರ ಸಮಪಾಲು ಮಾಡಲಾರರು.