ದಸರಾ ದೀಪ, ಮೀಲಾದ್ ದೀಪ ಮತ್ತು ಕಂಬದ ಕೊಕ್ಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ನಮ್ಮವರಿಗೆ ಈಚೆಗೆ ದೀಪದ ದಿನಗಳು ಒಂದರ ಬೆನ್ನಿಗೆ ಒಂದು ಬರ್ತಿವೆ. 2024ರಲ್ಲಿ ಮೀಲಾದ್ ಸೆಪ್ಟೆಂಬರ್ 16ಕ್ಕೆ, ದಸರಾ ಅಕ್ಟೋಬರ್ 3ರಿಂದ. 2025ರಲ್ಲಿ ಸೆಪ್ಟೆಂಬರ್ 5 ಮತ್ತು 22. ಮಸೀದಿಯ ಸೀರಿಯಲ್ ಸೆಟ್ ಬಿಚ್ಚಿ ಮೂಟೆ ಕಟ್ಟಿ ಅಟ್ಟಕ್ಕೇರಿಸುವಷ್ಟರಲ್ಲಿ, "ಉಪ್ಪಾ, ಮೈಸೂರಿಗೆ ಲೈಟಿಂಗ್ ನೋಡಕ್ಕೆ ಯಾವಾಗ ಹೋಗೋದು?" ಅಂತ ಮಕ್ಕಳ ಕಾಟ ಶುರು.

ಅರಮನೆಯ ದೀಪ ನೋಡಿದವರಿಗೆಲ್ಲ ಗೊತ್ತು, ಅದು ಕಟ್ಟಡದ ಮೇಲೆ ಬೆಳಕು ಚೆಲ್ಲುವುದಲ್ಲ. ಕಮಾನು, ಗುಮ್ಮಟ, ಅಂಚು ಹೀಗೆ ಪ್ರತಿ ಗೆರೆಯ ಮೇಲೂ ಸಾಲಾಗಿ ಬಲ್ಬು. ಒಟ್ಟು ಸುಮಾರು 97 ಸಾವಿರ. ಹಗಲಿನ ಕಲ್ಲಿನ ಅರಮನೆ ರಾತ್ರಿ ಬರೀ ಗೆರೆಯ ಚಿತ್ರವಾಗುತ್ತದೆ. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಶುರುವಾದ ಕರೆಂಟು ಮೈಸೂರು ಪೇಟೆಗೆ ಬಂದದ್ದು 1908ರಲ್ಲಿ. ಈಗಿನ ಅರಮನೆ ಪೂರ್ತಿಯಾದದ್ದು 1912ರಲ್ಲಿ.

ಬೆಳಕನ್ನು ನೀರಿಗೆ ಬೆರೆಸಿ ಜನಸಾಮಾನ್ಯರಿಗೆ ತೋರಿಸಿದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು: ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದವರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಅವರ ಕನಸು. ಕಾಶ್ಮೀರದ ಶಾಲಿಮಾರ್ ತೋಟದ ಮೆಟ್ಟಿಲು, ಕಾಲುವೆ, ಕಾರಂಜಿ ಇಲ್ಲಿಗೂ ಬಂತು; ಅದಕ್ಕೆ ಬಣ್ಣದ ವಿದ್ಯುತ್ ದೀಪ ಸೇರಿತು. ಮದುವೆಯಾದ ಹೊಸ ಜೋಡಿಯನ್ನು ಅಲ್ಲಿಗೆ ಕರೆದೊಯ್ಯದ ಮನೆ ನಮ್ಮ ಕಡೆ ಕಡಿಮೆ. ಕೆ.ಆರ್.ನಗರದ ಹತ್ತಿರದ ಚುಂಚನಕಟ್ಟೆಯಲ್ಲಿ ಜಲಪಾತೋತ್ಸವದಂದು ಧುಮುಕುವ ಕಾವೇರಿಗೆ ಬಣ್ಣದ ಬೆಳಕು ಬಿಡುವುದೂ ಅದೇ ದಾರಿಯದ್ದು.

ಗಲ್ಫ್‌ನಲ್ಲಿರುವ ನಮ್ಮ ಹುಡುಗರು ಕಳಿಸುವ ವಿಡಿಯೋ ಬೇರೆ ಥರ. ಶಾರ್ಜಾದಲ್ಲಿ 2011ರಿಂದ ನಡೆಯುವ ಬೆಳಕಿನ ಉತ್ಸವದಲ್ಲಿ ಮಸೀದಿಯ ಗೋಡೆಯೇ ಪರದೆ. ಪ್ರೊಜೆಕ್ಟರ್ ಬೆಳಕಲ್ಲಿ ಬಳ್ಳಿ, ನಕ್ಷತ್ರ ಅರಳುತ್ತವೆ. 2021ರಲ್ಲಿ ರಿಯಾದ್‌ನಲ್ಲಿ ಶುರುವಾದ ಉತ್ಸವದ ಹೆಸರೇ 'ನೂರ್ ರಿಯಾದ್'. ಪಾರ್ಕು, ರಸ್ತೆಗಳಲ್ಲಿ ಬೆಳಕಿನ ಶಿಲ್ಪ ನಿಲ್ಲಿಸುತ್ತಾರೆ, ಟಿಕೆಟ್ ಇಲ್ಲದೆ ಕೂಲಿಯವನೂ ನೋಡಬಹುದು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ದಸರಾಕ್ಕೆ ಸೆಸ್ಕ್ ನಿಲ್ಲಿಸುವ ದೀಪದ ಆಕೃತಿಗಳೂ ಹಾಗೇ. ಕಬ್ಬಿಣದ ಚೌಕಟ್ಟು, ಅದಕ್ಕೆ ಬಿಗಿದ ಎಲ್‌ಇಡಿ. ನಮ್ಮ ಜಮಾಅತ್‌ನ ಹುಡುಗರು ಮೀಲಾದ್‌ಗೆ ಥರ್ಮಾಕೋಲ್, ಬಣ್ಣದ ಕಾಗದದಲ್ಲಿ ಮದೀನಾದ ಹಸಿರು ಗುಮ್ಮಟ ಮಾಡಿ ಒಳಗೆ ಬಲ್ಬು ಇಡ್ತಾರಲ್ಲ, ಅದನ್ನೂ ಇದೇ ಸಾಲಿಗೆ ಸೇರಿಸಲು ನಮಗೇನೂ ಸಂಕೋಚವಿಲ್ಲ.

ಸಂಕೋಚ, ಅಲ್ಲ, ಭಯ ಇರುವುದು ಇನ್ನೊಂದಕ್ಕೆ. ಮಳೆ ಬಿಟ್ಟಿರುವುದಿಲ್ಲ. ಹದಿನಾರರ ಹುಡುಗ ಬರಿಗಾಲಲ್ಲಿ ಕಬ್ಬಿಣದ ಪೈಪಿನ ಕಮಾನು ಹತ್ತಿರುತ್ತಾನೆ. ವೈರಿನ ಇನ್ನೊಂದು ತುದಿ ಕಂಬದ ತಂತಿಗೆ ಕೊಕ್ಕೆ. "ಸಣ್ಣ ಬಲ್ಬು, ಏನಾಗಲ್ಲ ಕಾಕಾ" ಅನ್ನುತ್ತಾನೆ. ಸೀರಿಯಲ್ ಸೆಟ್‌ನಲ್ಲಿ ಒಂದೊಂದು ಬಲ್ಬಿಗೆ ಸಿಗುವುದು ಕೆಲವೇ ವೋಲ್ಟ್, ನಿಜ. ಆದರೆ ಫೇಸ್ ತುದಿಯಲ್ಲಿ ವೈರ್ ಸುಲಿದು ಪೈಪಿಗೆ ತಾಗಿದರೆ ಇಡೀ ಕಮಾನಿಗೇ 230 ವೋಲ್ಟ್ ಹರಿಯುತ್ತದೆ. ಮೆರವಣಿಗೆಯ ಮದ್ರಸ ಮಕ್ಕಳು ಅದೇ ಪೈಪು ಹಿಡಿದು ನಿಲ್ಲುತ್ತಾರೆ.

ಸೆಸ್ಕ್ ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು, ಹಣ ಕಟ್ಟಿದರೆ ತಾತ್ಕಾಲಿಕ ಸಂಪರ್ಕ ಸಿಗುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟು ಸೋರಿದ ಕ್ಷಣವೇ ಅದು ಕಡಿದುಹಾಕುತ್ತದೆ. ಕಬ್ಬಿಣದ ಕಮಾನಿಗೆ ಅರ್ತಿಂಗ್ ಬೇಕು. ಬಿದಿರಿನದ್ದಾದರೆ ಇನ್ನೂ ವಾಸಿ. ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ ಕಳ್ಳತನ, ಮೂರು ವರ್ಷದವರೆಗೂ ಜೈಲಾಗಬಹುದು. ನೆಬಿಯವರ ಹೆಸರಲ್ಲಿ ಕದ್ದ ಕರೆಂಟು ಉರಿಸುವುದು ಹಲಾಲೋ ಅಂತ ಉಸ್ತಾದರನ್ನು ಕೇಳಿ ನೋಡಿ, ಕಾಯ್ದೆ ಓದಬೇಕಾಗಿಲ್ಲ.

ಎಚ್.ಡಿ.ಕೋಟೆಯ ಕಾಡಂಚಿನ ಊರಿನವರಿಗೆ ಇನ್ನೊಂದು ಮಾತು. ಫೋಕಸ್ ಲೈಟನ್ನು ಕಾಡಿನ ಕಡೆ ತಿರುಗಿಸಬೇಡಿ, ಅಂಗಳಕ್ಕೆ ಇಳಿಸಿ ಕಟ್ಟಿ. ಇಶಾ ನಮಾಜ್ ಆಗಿ, ಊಟ ಮುಗಿದ ಮೇಲೆ ಆರಿಸಿಬಿಡಿ.

ಅಂದಹಾಗೆ, ಅರಮನೆಯ ದೀಪಕ್ಕೆ ದಸರಾ ನೂಕುನುಗ್ಗಲೇ ಬೇಕೆಂದಿಲ್ಲ. ಭಾನುವಾರ ಮತ್ತು ಸರಕಾರಿ ರಜಾದಿನಗಳಲ್ಲೂ ಸಂಜೆ ಏಳರ ಹೊತ್ತಿಗೆ ಹೊತ್ತಿಸುತ್ತಾರೆ. ಮಗ್ರಿಬ್ ಮುಗಿಸಿಕೊಂಡು ಉಮ್ಮನನ್ನೂ ಕರೆದುಕೊಂಡು ಹೋಗಿ. ವಾಪಸ್ ಬಸ್ಸಿನ ಸಮಯ ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ.