ಎದೆಯಲ್ಲಿ ನಿಂತ ಹಾಲು ಕೆಡುವುದಿಲ್ಲ

‘ನಾಕ್ ದಿನದ ಹಾಲ್ ಐತ್ರೀ, ನಿಂತು ಕೆಟ್ಟೈತಿ. ಹಿಂಡಿ ಚೆಲ್ರಿ, ಕೂಸಿಗೆ ಡಬ್ಬಿ ಹಾಲೇ ಛಲೋ.’

ಸಾವಳಗಿ ಸುತ್ತಿನ ಹಳ್ಳಿಗಳಿಂದ ಹಸಿಗೂಸನ್ನು ಎತ್ತಿಕೊಂಡು ಜಮಖಂಡಿಗೆ, ಅಲ್ಲಿಂದ ಬಾಗಲಕೋಟೆಯ ಆಸ್ಪತ್ರೆಗೆ ಓಡುವ ಮನೆಯವರಲ್ಲಿ ಒಬ್ಬರಾದರೂ ಈ ಮಾತು ಆಡುತ್ತಾರೆ. ಕೂಸು ಗಾಜಿನ ಪೆಟ್ಟಿಗೆಯಲ್ಲಿ, ಬಾಣಂತಿ ಹೊರಗಿನ ಪಡಸಾಲೆಯಲ್ಲಿ. ಸೆರಗು ತೊಯ್ದಿರುತ್ತದೆ, ಎದೆ ಕಲ್ಲಿನಂತಾಗಿರುತ್ತದೆ. ಆ ಹೊತ್ತಿನಲ್ಲಿ ಅವಳ ಹಾಲನ್ನೇ ಕೆಟ್ಟದ್ದೆನ್ನುವವರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ.

ಎಮ್ಮೆ ಕಟ್ಟಿದವರೇ ಹೀಗೆ ಹೇಳಿದರೆ ಹೇಗೆ? ಹಾಲು ಹುಳಿಯುವುದು ಚರಿಗೆಗೆ ಬಿದ್ದ ಮೇಲೆ. ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿಯುತ್ತದೆ, ಆಮೇಲೆ ಎಮ್ಮೆ ಬತ್ತುತ್ತದೆ. ತಾಯಿಯದೂ ಹಾಗೆಯೇ. ತೆಗೆದಷ್ಟೂ ಹಾಲು ಊರುತ್ತದೆ, ತೆಗೆಯದಿದ್ದರೆ ಮೈ ಹಾಲು ಮಾಡುವುದನ್ನೇ ನಿಲ್ಲಿಸುತ್ತದೆ. ಎದೆಯೊಳಗೆ ಅದು ಹುಳಿಯುವುದೂ ಇಲ್ಲ, ವಿಷವಾಗುವುದೂ ಇಲ್ಲ. ಆದರೆ ಕಟ್ಟಿಕೊಂಡರೆ ಬಾವು, ಜ್ವರ ಬರಬಹುದು. ಅದಕ್ಕೇ ಕೂಸು ಚೀಪಲಾರದ ದಿನಗಳಲ್ಲಿ ಎರಡು ಮೂರು ತಾಸಿಗೊಮ್ಮೆ, ದಿನಕ್ಕೆ 8 ಸಲವಾದರೂ ಹಿಂಡಬೇಕು. ರಾತ್ರಿಯೂ ಒಮ್ಮೆ ತಪ್ಪಿಸಬಾರದು, ಹಾಲು ಊರಿಸುವ ಹಾರ್ಮೋನು ರಾತ್ರಿಯೇ ಹೆಚ್ಚು.

ಕೈ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲು ಹಿಡಿಯಬೇಕು. ಮೊಲೆತೊಟ್ಟಿನಿಂದ ಎರಡು ಬೆರಳು ಹಿಂದೆ ಹೆಬ್ಬೆರಳು, ತೋರುಬೆರಳು ಇಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಅದುಮಬೇಕು. ತೊಟ್ಟನ್ನು ಎಳೆಯಬಾರದು. ಮೊದಲ ದಿನ ಬರುವುದು ನಾಲ್ಕು ಹನಿ ಹಳದಿ ಗಿಣ್ಣುಹಾಲು ಅಷ್ಟೇ, ಒಂದು ದಿನದ ಕೂಸಿನ ಹೊಟ್ಟೆಗೆ ಅಷ್ಟೇ ಸಾಕು. ಅವಧಿಗೆ ಮುಂಚೆ ಹೆತ್ತವಳ ಹಾಲಿನಲ್ಲಿ ಪ್ರೋಟೀನು, ರೋಗ ತಡೆಯುವ ಶಕ್ತಿ ಇನ್ನೂ ಹೆಚ್ಚು. ಇಂಥ ಕೂಸುಗಳ ಕರುಳು ಕೊಳೆಸುವ ಕಾಯಿಲೆಯನ್ನು ಕಡಿಮೆ ಮಾಡುವುದೂ ತಾಯಿಹಾಲೇ. ಹಿಂಡಿದ ಹಾಲು ಹೊರಗೆ 4 ತಾಸು, ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ. ಕೂಡಲೇ ನರ್ಸಮ್ಮನ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಬಾಣಂತಿ ನೀರು ಕುಡಿದರೆ ಕೂಸಿಗೆ ಥಂಡಿಯಾಗುತ್ತದೆ ಎಂಬುದೂ ಸುಳ್ಳು. ಸಿಜೇರಿಯನ್ ಆದವಳಿಗೆ ಹಾಲು ಬರುವುದಿಲ್ಲ ಎಂಬುದೂ ಸುಳ್ಳು. ಗಾಬರಿಯಾದರೆ ಹಾಲು ಇಳಿಯುವುದು ಸ್ವಲ್ಪ ತಡವಾಗುತ್ತದೆ, ಬತ್ತುವುದಿಲ್ಲ. ಕೂಸನ್ನು ಬರಿಮೈ ಎದೆಗೆ ಆನಿಸಿಕೊಂಡರೆ ಮತ್ತೆ ಇಳಿಯುತ್ತದೆ. ಕೆಲವು ಔಷಧಿ ನಡೆಯುವಾಗ ಹಾಲು ಕೊಡಬೇಡಿ ಎಂದು ಡಾಕ್ಟರು ಹೇಳಬಹುದು. ಆ ಮಾತು ಅವರೇ ಹೇಳಬೇಕು.

ಡಾಕ್ಟರು ಹತ್ತು ಸಲ ಹೇಳಿದ್ದನ್ನು ನಂಬದವರು, ಬಸ್ಸಿನಲ್ಲಿ ಪಕ್ಕ ಕೂತವರು ಒಮ್ಮೆ ಹೇಳಿದ್ದನ್ನು ನಂಬುತ್ತಾರೆ. ಡಬ್ಬಿಯ ಮೇಲಿನ ಬಣ್ಣವನ್ನೂ ನಂಬುತ್ತಾರೆ. ಹಾಲಿನ ಪುಡಿಯ ಜಾಹೀರಾತನ್ನು ನಮ್ಮ ದೇಶ 1992ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ. ಹಾಗಿದ್ದೂ ಅದರ ಪ್ರಚಾರವನ್ನು ನಾವೇ ಪುಕ್ಕಟೆ ಮಾಡುತ್ತಿದ್ದೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕೂಸಿನ ಚಿಕಿತ್ಸೆ, ಔಷಧಿ ಪುಕ್ಕಟೆ ಇದ್ದಾಗ, ಉಳಿದ ರೊಕ್ಕ ಡಬ್ಬಿಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆಗೆ ಜೊತೆ ಹೋಗುವ ಅವ್ವಂದಿರೇ, ಅತ್ತೆಯಂದಿರೇ, ಬುತ್ತಿಯಲ್ಲಿ ಅಂಟಿನುಂಡಿ ಒಯ್ಯಿರಿ, ಬಿಸಿ ರೊಟ್ಟಿ, ಪಲ್ಯ ಹೊಟ್ಟೆ ತುಂಬ ಉಣಿಸಿರಿ. ಹಗಲು ಎರಡು ತಾಸಾದರೂ ಅವಳಿಗೆ ನಿದ್ದೆ ಸಿಗಲಿ. ರಾತ್ರಿ ಎರಡಕ್ಕೆ ಎಬ್ಬಿಸಿ, ಮೊದಲು ಒಂದು ತಂಬಿಗೆ ನೀರು ಕೊಡಿ, ಆಮೇಲೆ ಬಟ್ಟಲು.